ಎದೆ ಹಿಗ್ಗಬೇಕಾದರೆ ಮೊದಲು ಉಸಿರು ಬಿಡಬೇಕು

ಕಳೆದ ವರ್ಷ ನನ್ನ ಭಾಯಿಜಾನ್ ಪೊಲೀಸ್ ಕಾನ್ಸ್‌ಟೇಬಲ್ ಹುದ್ದೆಯ ದೈಹಿಕ ಪರೀಕ್ಷೆಗೆ ಹೋಗಿದ್ದರು. ಸಂಜೆ ಮನೆಗೆ ಬಂದವರು ಶೂ ಬಿಚ್ಚಿಟ್ಟು ಗೋಡೆಗೆ ಒರಗಿ ಕುಳಿತರು. ಅಮ್ಮಿ ನೀರು ಕೊಟ್ಟು ಏನಾಯಿತೆಂದು ಕೇಳಿದರು. "ಒಂದು ಸೆಂಟಿಮೀಟರ್" ಎಂದಷ್ಟೇ ಹೇಳಿದರು.

ನಮ್ಮ ರಾಜ್ಯದಲ್ಲಿ ಕಾನ್ಸ್‌ಟೇಬಲ್ ಹುದ್ದೆಗೆ ಅರ್ಜಿ ಹಾಕುವ ಹುಡುಗರ ಎತ್ತರ ಕನಿಷ್ಠ 168 ಸೆಂ.ಮೀ. ಇರಬೇಕು. ಎದೆಯ ಸುತ್ತಳತೆ ಪೂರ್ತಿ ಹಿಗ್ಗಿದಾಗ ಕನಿಷ್ಠ 86 ಸೆಂ.ಮೀ. ಇರಬೇಕು. ಇದರ ಜೊತೆಗೆ ಇನ್ನೊಂದು ಷರತ್ತಿದೆ: ಉಸಿರು ಬಿಟ್ಟಾಗಿನ ಅಳತೆಗೂ ಉಸಿರು ತುಂಬಿಕೊಂಡಾಗಿನ ಅಳತೆಗೂ ಕನಿಷ್ಠ 5 ಸೆಂ.ಮೀ. ವ್ಯತ್ಯಾಸ ಇರಬೇಕು. ಭಾಯಿಜಾನ್ ಅವರ ಎದೆ ಮೊದಲು 84, ಆಮೇಲೆ 88. ವ್ಯತ್ಯಾಸ 4.

"88 ಇದೆಯಲ್ಲ, 86ಕ್ಕಿಂತ ಜಾಸ್ತೀನೇ ಇದೆಯಲ್ಲ!" ಎಂದು ಅಬ್ಬಾ ಬೇಜಾರು ಮಾಡಿಕೊಂಡರು. ಕಾಮರ್ಸ್ ವಿದ್ಯಾರ್ಥಿನಿಯಾದ ನನಗೆ ತಪ್ಪು ಎಲ್ಲಿದೆ ಎಂದು ಆ ಕ್ಷಣವೇ ಕಂಡಿತು. ವಹಿವಾಟು ಎಷ್ಟೇ ದೊಡ್ಡದಿರಲಿ, ಲಾಭವೆಂದರೆ ವ್ಯತ್ಯಾಸ. ಅಲ್ಲಿ ಕೇಳಿದ್ದೂ ವ್ಯತ್ಯಾಸವನ್ನೇ. ಆರು ತಿಂಗಳು ಜಿಮ್‌ಗೆ ಹೋಗಿ ಎದೆ ದೊಡ್ಡದು ಮಾಡಿಕೊಂಡ ಭಾಯಿಜಾನ್ ಅದನ್ನು ಹಿಗ್ಗಿಸುವುದನ್ನು ಮಾತ್ರ ಕಲಿತಿರಲಿಲ್ಲ.

ಹಾಗಾದರೆ ಎದೆ ಹಿಗ್ಗುವುದು ಹೇಗೆ? ಅದನ್ನು ಕಲಿಯಬಹುದೇ? ನಮ್ಮ ಕಾಲೇಜಿನ ಜೀವಶಾಸ್ತ್ರ ಉಪನ್ಯಾಸಕರನ್ನು ಕೇಳಿ, ಅವರು ಕೊಟ್ಟ ಪುಸ್ತಕ ಓದಿ, ಮನೆಯವರನ್ನೆಲ್ಲ ಟೇಪಿನಿಂದ ಅಳೆದು ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಭಾಯಿಜಾನ್‌ಗಾಗಿ ಶುರುವಾದ ಈ ಹುಡುಕಾಟ ಕೊನೆಗೆ ಅಬ್ಬಾ ಅವರ ಹತ್ತಿರ ಬಂದು ನಿಂತಿತು. ಅದನ್ನೂ ಹೇಳುತ್ತೇನೆ.

ಉಸಿರು ಒಳಗೆ ಬರುವುದು ಹೇಗೆ?

ಗಾಳಿ ಒಳಗೆ ಹೋಗುವುದರಿಂದ ಎದೆ ಉಬ್ಬುತ್ತದೆ ಎಂದು ನಾನು ಅಂದುಕೊಂಡಿದ್ದೆ. ವಿಷಯ ತಿರುಗುಮುರುಗಾಗಿದೆ. ಎದೆ ಹಿಗ್ಗುವುದರಿಂದ ಗಾಳಿ ಒಳಗೆ ಬರುತ್ತದೆ. ಸಿರಿಂಜಿನ ಹಿಡಿಯನ್ನು ಹಿಂದಕ್ಕೆ ಎಳೆದರೆ ಔಷಧಿ ತಾನಾಗಿ ಒಳಗೆ ಬರುವುದಿಲ್ಲವೇ, ಹಾಗೆ. ಜಾಗ ಹೆಚ್ಚಾದರೆ ಒಳಗಿನ ಒತ್ತಡ ಕಡಿಮೆಯಾಗುತ್ತದೆ, ಹೊರಗಿನ ಗಾಳಿ ಒಳಗೆ ನುಗ್ಗುತ್ತದೆ. 1662ರಲ್ಲಿ ರಾಬರ್ಟ್ ಬಾಯ್ಲ್ ಹೇಳಿದ ನಿಯಮ ಇದೇ. ವಿಜ್ಞಾನ ವಿಭಾಗದ ಗೆಳೆಯರಿಗೆ ಇದು ಹೊಸದಲ್ಲ.

ಶ್ವಾಸಕೋಶಕ್ಕೆ ತಾನಾಗಿಯೇ ಹಿಗ್ಗುವ ಶಕ್ತಿ ಇಲ್ಲ. ಅದು ಇರುವುದು ಎದೆಗೂಡಿನೊಳಗೆ. ಗೂಡು ದೊಡ್ಡದಾದಾಗ ಅದೂ ದೊಡ್ಡದಾಗುತ್ತದೆ. ಗೂಡನ್ನು ದೊಡ್ಡದು ಮಾಡುವ ಕೆಲಸಗಾರರು ಮುಖ್ಯವಾಗಿ ಇಬ್ಬರು.

ಮೊದಲನೆಯದು ವಪೆ. ಎದೆಗೂ ಹೊಟ್ಟೆಗೂ ನಡುವೆ ಕೊಡೆಯಂತೆ ಕಮಾನಾಗಿ ನಿಂತ ಸ್ನಾಯು ಇದು. ಉಸಿರು ಎಳೆದುಕೊಂಡಾಗ ಕೆಳಗಿಳಿದು ಚಪ್ಪಟೆಯಾಗುತ್ತದೆ. ಸುಮ್ಮನೆ ಕುಳಿತಾಗ ಸುಮಾರು ಒಂದೂವರೆ ಸೆಂ.ಮೀ. ಇಳಿಯುವ ಇದು, ಆಳವಾದ ಉಸಿರಿನಲ್ಲಿ ಅದರ ಹಲವು ಪಟ್ಟು ಇಳಿಯುತ್ತದೆ. ಮಾಮೂಲಿ ಉಸಿರಾಟದ ದೊಡ್ಡ ಪಾಲು ಕೆಲಸ ಇದರದೇ.

ಎರಡನೆಯದು ಪಕ್ಕೆಲುಬುಗಳ ನಡುವಿನ ಸ್ನಾಯುಗಳು. ನಮಗೆ 12 ಜೊತೆ ಪಕ್ಕೆಲುಬುಗಳಿವೆ, ಆದರೆ ಎಲ್ಲವೂ ಒಂದೇ ರೀತಿ ಅಲುಗುವುದಿಲ್ಲ. ಮೇಲಿನವು ಬೋರ್‌ವೆಲ್‌ನ ಕೈಪಂಪಿನ ಹಿಡಿಯಂತೆ ಮೇಲಕ್ಕೂ ಮುಂದಕ್ಕೂ ಏಳುತ್ತವೆ. ಕೆಳಗಿನವು ಬಕೆಟ್ಟಿನ ಹಿಡಿಯಂತೆ ಪಕ್ಕಕ್ಕೆ ಎದ್ದು ಅಗಲವಾಗುತ್ತವೆ. ಇದು ನನ್ನ ಕಲ್ಪನೆಯಲ್ಲ, ವೈದ್ಯಕೀಯ ಪುಸ್ತಕಗಳಲ್ಲೇ ಈ ಎರಡು ಚಲನೆಗಳಿಗೆ ಪಂಪಿನ ಹಿಡಿ, ಬಕೆಟ್ಟಿನ ಹಿಡಿ ಎಂದು ಹೆಸರಿದೆ. ಅಂಗೈಗಳನ್ನು ಪಕ್ಕೆಯ ಕೆಳಭಾಗದ ಮೇಲಿಟ್ಟು ಈಗಲೇ ಒಂದು ದೀರ್ಘ ಉಸಿರು ತೆಗೆದುಕೊಳ್ಳಿ. ಕೈಗಳು ಹೊರಕ್ಕೆ ಸರಿದರೆ ನಿಮ್ಮ ಬಕೆಟ್ ಹಿಡಿ ಸರಿಯಾಗಿದೆ. ಹೆಗಲು ಮಾತ್ರ ಕಿವಿಯ ಕಡೆ ಏರಿದರೆ ನೀವೂ ನನ್ನ ಭಾಯಿಜಾನ್ ಹಾಗೆಯೇ.

ಉಸಿರು ಬಿಡುವಾಗ ಹೆಚ್ಚು ಶ್ರಮವಿಲ್ಲ. ಎಳೆದ ರಬ್ಬರ್ ಬಿಟ್ಟಾಗ ಕುಗ್ಗುವಂತೆ ಶ್ವಾಸಕೋಶ ತಾನಾಗಿ ಕುಗ್ಗುತ್ತದೆ. ಓಡುವಾಗ, ಕೂಗುವಾಗ, ಕೆಮ್ಮುವಾಗ ಮಾತ್ರ ಹೊಟ್ಟೆಯ ಸ್ನಾಯುಗಳು ಕೈಜೋಡಿಸುತ್ತವೆ.

ಒಳಗೆ ಬಂದ ಗಾಳಿ ಸೇರುವುದು ಕೋಟಿಗಟ್ಟಲೆ ಸಣ್ಣ ಗಾಳಿಗೂಡುಗಳಿಗೆ. ಅಲ್ಲಿ ರಕ್ತ ಆಮ್ಲಜನಕವನ್ನು ಪಡೆದು ಇಂಗಾಲದ ಡೈಆಕ್ಸೈಡನ್ನು ಕೊಡುತ್ತದೆ. ಹೃದಯದ ಬಲಭಾಗದ ರಕ್ತ ಶ್ವಾಸಕೋಶಕ್ಕೆ ಹೋಗಿ, ಗಾಳಿಯ ಜೊತೆ ಸೇರಿ, ಎಡಭಾಗಕ್ಕೆ ಬರುತ್ತದೆ ಎಂದು 13ನೇ ಶತಮಾನದಲ್ಲೇ ಬರೆದವರು ಇಬ್ನ್ ಅಲ್ ನಫೀಸ್. ಡಮಾಸ್ಕಸ್‌ನಲ್ಲಿ ಹುಟ್ಟಿ ಕೈರೋದಲ್ಲಿ ವೈದ್ಯರಾಗಿದ್ದವರು. ಹೃದಯದ ನಡುಗೋಡೆಯ ಕಾಣದ ರಂಧ್ರಗಳ ಮೂಲಕ ರಕ್ತ ದಾಟುತ್ತದೆ ಎಂದು ಅಲ್ಲಿಯವರೆಗೆ ಎಲ್ಲರೂ ನಂಬಿದ್ದರು. ಅಂಥ ರಂಧ್ರಗಳೇ ಇಲ್ಲ ಎಂದವರು ಇವರು. ರಕ್ತ ಅಷ್ಟು ದೂರ ಗಾಳಿಯನ್ನು ಹುಡುಕಿಕೊಂಡು ಬರುತ್ತದೆ. ನಾವು ಗಾಳಿಯನ್ನು ಅಲ್ಲಿಯವರೆಗೆ ಕಳಿಸದಿದ್ದರೆ ಹೇಗೆ?

ಉಸಿರಿನ ಲೆಕ್ಕಪತ್ರ

ಈಗ ನನ್ನ ವಿಷಯಕ್ಕೆ ಬರುತ್ತೇನೆ: ಲೆಕ್ಕ. ವಯಸ್ಕರು ಒಂದು ಮಾಮೂಲಿ ಉಸಿರಿನಲ್ಲಿ ಸುಮಾರು 500 ಮಿಲಿಲೀಟರ್ ಗಾಳಿ ಒಳಗೆಳೆದುಕೊಳ್ಳುತ್ತಾರೆ. ಅದರಲ್ಲಿ ಸುಮಾರು 150 ಮಿ.ಲೀ. ಮೂಗು, ಗಂಟಲು, ಶ್ವಾಸನಾಳಗಳಲ್ಲೇ ಉಳಿದು ಹಾಗೆಯೇ ಹೊರಗೆ ಬರುತ್ತದೆ. ಅದು ರಕ್ತಕ್ಕೆ ಸಿಗುವುದೇ ಇಲ್ಲ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಅದು ಪ್ರತಿ ಉಸಿರಿನ ಸ್ಥಿರ ವೆಚ್ಚ. ಉಸಿರು ದೊಡ್ಡದಿರಲಿ ಚಿಕ್ಕದಿರಲಿ, 150 ಕಟ್ಟಲೇಬೇಕು.

ಒಬ್ಬರು ನಿಮಿಷಕ್ಕೆ 12 ಸಲ, 500 ಮಿ.ಲೀ.ನಂತೆ ಉಸಿರಾಡುತ್ತಾರೆ ಎಂದುಕೊಳ್ಳಿ. ಒಟ್ಟು 6 ಲೀಟರ್. ಸ್ಥಿರ ವೆಚ್ಚ 12 × 150, ಅಂದರೆ 1.8 ಲೀಟರ್. ಉಳಿದದ್ದು 4.2 ಲೀಟರ್.

ಇನ್ನೊಬ್ಬರು ನಿಮಿಷಕ್ಕೆ 24 ಸಲ, 250 ಮಿ.ಲೀ.ನಂತೆ ಉಸಿರಾಡುತ್ತಾರೆ. ಒಟ್ಟು ಅದೇ 6 ಲೀಟರ್. ಸ್ಥಿರ ವೆಚ್ಚ ಮಾತ್ರ 24 × 150, ಅಂದರೆ 3.6 ಲೀಟರ್. ಉಳಿದದ್ದು ಬರೀ 2.4 ಲೀಟರ್.

ವಹಿವಾಟು ಒಂದೇ, ಕೈಗೆ ಸಿಗುವುದು ಹೆಚ್ಚುಕಡಿಮೆ ಅರ್ಧ. ಎದೆ ಚೆನ್ನಾಗಿ ಹಿಗ್ಗುವುದರ ಲಾಭ ಇಲ್ಲಿದೆ. ಮೆಟ್ಟಿಲು ಹತ್ತುವಾಗ ನಾವು ಏದುಸಿರು ಬಿಡುತ್ತಾ ಸಣ್ಣ ಸಣ್ಣ ಉಸಿರಾಡಿದರೆ ದುಡಿದದ್ದೆಲ್ಲ ಬಾಡಿಗೆಗೇ ಹೋಗುತ್ತದೆ.

ಅಮ್ಮಿಯ ಟೇಪು

ಅಮ್ಮಿ ಮನೆಯಲ್ಲೇ ಬ್ಲೌಸ್, ಚೂಡಿದಾರ್ ಹೊಲಿಯುತ್ತಾರೆ. ಅಳತೆ ಕೊಡಲು ಬರುವ ಹೆಂಗಸರು ಟೇಪು ಕಂಡೊಡನೆ ಉಸಿರು ಬಿಗಿಹಿಡಿಯುತ್ತಾರೆ. "ಉಸಿರು ಬಿಡಿ, ಆಮೇಲೆ ಅಳೆಯುತ್ತೇನೆ" ಎಂದು ಅಮ್ಮಿ ದಿನವೂ ಹೇಳುವ ಮಾತು. ಭಾಯಿಜಾನ್ ಎಡವಿದ್ದು ಅಲ್ಲಿಯೇ ಎಂದು ನಮಗೆ ಗೊತ್ತಾದದ್ದು ಅಮ್ಮಿಯಿಂದ. ಸರತಿ ಸಾಲಿನಲ್ಲಿ ನಿಂತು ಎದೆ ಡವಗುಟ್ಟುತ್ತಿದ್ದಾಗ ಅವರು ಮೊದಲ ಅಳತೆಗೇ ಅರ್ಧ ಉಸಿರು ತುಂಬಿಕೊಂಡು ನಿಂತಿದ್ದರು. ಅರ್ಧ ತುಂಬಿದ ಕೊಡಕ್ಕೆ ಎಷ್ಟು ನೀರು ಹಿಡಿದೀತು?

ಅಳೆಯುವ ಕ್ರಮ ಹೀಗಿದೆ. ನೇರವಾಗಿ ನಿಂತು ಕೈಗಳನ್ನು ಪಕ್ಕಕ್ಕೆ ಇಳಿಬಿಡಿ. ಟೇಪು ಎದೆಯ ಸುತ್ತ ನೆಲಕ್ಕೆ ಸಮಾನಾಂತರವಾಗಿರಲಿ, ಬೆನ್ನಿನ ಕಡೆ ಜಾರದಿರಲಿ, ಬಿಗಿಯಾಗದಿರಲಿ. ಹುಡುಗಿಯರು ಎದೆಮೂಳೆಯ ಕೆಳತುದಿಯ ಮಟ್ಟದಲ್ಲಿ ಅಳೆದುಕೊಳ್ಳಬಹುದು. ಉಸಿರನ್ನು ಪೂರ್ತಿ ಹೊರಗೆ ಬಿಟ್ಟು ಒಂದು ಅಳತೆ, ಪೂರ್ತಿ ತುಂಬಿಕೊಂಡು ಇನ್ನೊಂದು ಅಳತೆ. ಮೂರು ಸಲ ಮಾಡಿ ಅತಿ ಹೆಚ್ಚಿನ ವ್ಯತ್ಯಾಸ ಬರೆದುಕೊಳ್ಳಿ. ಆರೋಗ್ಯವಂತ ಯುವಜನರಲ್ಲಿ 5 ಸೆಂ.ಮೀ. ಅಥವಾ ಹೆಚ್ಚು ಬರುವುದು ಸಾಮಾನ್ಯ. ಎರಡೂವರೆ ಸೆಂ.ಮೀ.ಗಿಂತ ಕಡಿಮೆ ಬಂದರೆ ವೈದ್ಯರಿಗೆ ತೋರಿಸಬೇಕು.

ಆ ರಾತ್ರಿ ನಮ್ಮ ಮನೆಯಲ್ಲಿ ಎಲ್ಲರ ಅಳತೆಯಾಯಿತು. ನನ್ನದು ನಾಲ್ಕೂವರೆ, ಅಮ್ಮಿಯದು 4, ತಮ್ಮನದು 5. ಅಬ್ಬಾ ಮೊದಲು ಒಪ್ಪಲಿಲ್ಲ. "ಮೇರೆಕು ಕ್ಯಾ ಹುವಾ ರೇ?" ಎಂದು ನಕ್ಕರು. ತಮ್ಮ ಕೈಹಿಡಿದು ಎಳೆದ ಮೇಲೆ ಎದ್ದು ನಿಂತರು. ಮೂರು ಸಲ ಅಳೆದೆ. ಮೂರು ಸಲವೂ 2 ದಾಟಲಿಲ್ಲ. ನಾಲ್ಕನೆಯ ಸಲ ಅಳೆಯುವಾಗ ಅವರಿಗೆ ಕೆಮ್ಮು ಬಂತು. ಆಮೇಲೆ ಯಾರೂ ನಗಲಿಲ್ಲ.

ಶನಿವಾರದ ಎದೆಬಿಗಿತ

ನಮ್ಮದು ದಾವಣಗೆರೆ. ಒಂದು ಕಾಲದಲ್ಲಿ ಹತ್ತಿ ಗಿರಣಿಗಳಿಂದಾಗಿ ಇದನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎನ್ನುತ್ತಿದ್ದರು. ನನ್ನ ದಾದಾ ಗಿರಣಿಯಲ್ಲಿದ್ದರು. ಅಬ್ಬಾ ಗಾದಿ ಅಂಗಡಿ ನಡೆಸುತ್ತಾರೆ. ಹಳೆ ಗಾದಿ ಬಿಚ್ಚುವುದು, ಮೆಷಿನ್‌ನಲ್ಲಿ ಹತ್ತಿ ಹಿಂಜುವುದು, ಮತ್ತೆ ತುಂಬಿ ಹೊಲಿಯುವುದು ಇಪ್ಪತ್ತೈದು ವರ್ಷದಿಂದ ಅವರ ಕೆಲಸ. ಸಂಜೆ ಮನೆಗೆ ಬಂದಾಗ ಅವರ ಹುಬ್ಬಿನ ಮೇಲೂ ಹತ್ತಿಯ ಧೂಳಿರುತ್ತದೆ. ಚಿಕ್ಕವಳಿದ್ದಾಗ ಅದನ್ನು ಊದಿ ಹಾರಿಸುವುದು ನನಗೆ ಆಟವಾಗಿತ್ತು.

ಸರ್ಕಾರಿ ಆಸ್ಪತ್ರೆಯ ವೈದ್ಯರು ಅಬ್ಬಾ ಅವರನ್ನು ಒಂದು ಕೊಳವೆಯೊಳಗೆ ಜೋರಾಗಿ ಊದಿಸಿದರು. ಇದು ಸ್ಪೈರೋಮೀಟರ್. ಜಾನ್ ಹಚಿನ್ಸನ್ ಎಂಬ ಇಂಗ್ಲಿಷ್ ವೈದ್ಯ 1846ರಲ್ಲಿ ಇಂಥ ಯಂತ್ರದಿಂದ ಎರಡು ಸಾವಿರಕ್ಕೂ ಹೆಚ್ಚು ಜನರ ಉಸಿರನ್ನು ಅಳೆದ ವಿವರ ಪ್ರಕಟಿಸಿದರು. ಆರೋಗ್ಯವಂತ ಯುವಕರು ಊದಬಲ್ಲ ಗಾಳಿಯ ಮುಕ್ಕಾಲು ಪಾಲಿಗಿಂತ ಹೆಚ್ಚು ಮೊದಲ ಒಂದೇ ಸೆಕೆಂಡಿನಲ್ಲಿ ಹೊರಬರುತ್ತದೆ. ಅಬ್ಬಾ ಅವರದು ಬರಲಿಲ್ಲ. ಒಳಗಿನ ನಾಳಗಳು ಕಿರಿದಾಗಿದ್ದರಿಂದ ಗಾಳಿ ಹೊರಗೆ ಹೋಗದೆ ಸಿಕ್ಕಿಕೊಳ್ಳುತ್ತಿತ್ತು. ಎದೆ ಸದಾ ಅರ್ಧ ತುಂಬಿದಂತೆಯೇ ಇದ್ದರೆ ಇನ್ನಷ್ಟು ಹಿಗ್ಗುವುದು ಹೇಗೆ? ಭಾಯಿಜಾನ್ ಹೆದರಿಕೆಯಿಂದ ಮಾಡಿದ್ದನ್ನು ಅಬ್ಬಾ ಅವರ ದೇಹ ರೋಗದಿಂದ ಮಾಡುತ್ತಿತ್ತು.

"ವಾರದಲ್ಲಿ ಯಾವ ದಿನ ಎದೆ ಹೆಚ್ಚು ಬಿಗಿಯುತ್ತದೆ?" ಎಂದು ವೈದ್ಯರು ಕೇಳಿದರು. "ಶನಿವಾರ" ಎಂದರು ಅಬ್ಬಾ, ಯೋಚಿಸದೆ. ನಮ್ಮ ಅಂಗಡಿಗೆ ಶುಕ್ರವಾರ ರಜೆ. ಹತ್ತಿ ಧೂಳಿನಿಂದ ಬರುವ ಬಿಸಿನೋಸಿಸ್ ಎಂಬ ಕಾಯಿಲೆಯ ಗುರುತೇ ಅದಂತೆ: ರಜೆ ಮುಗಿಸಿ ಕೆಲಸಕ್ಕೆ ಮರಳಿದ ಮೊದಲ ದಿನ ಎದೆ ಹೆಚ್ಚು ಬಿಗಿಯುತ್ತದೆ. ಭಾನುವಾರ ರಜೆ ಇರುವ ಗಿರಣಿಗಳಲ್ಲಿ ಅದು ಸೋಮವಾರ. ನಮ್ಮ ಮನೆಯಲ್ಲಿ ಶನಿವಾರ. ವರ್ಷಗಳಿಂದ ಪ್ರತಿ ಶನಿವಾರ ಅಬ್ಬಾ ಮೆಟ್ಟಿಲ ಮೇಲೆ ಕುಳಿತು ಸುಧಾರಿಸಿಕೊಂಡು ಮೇಲೆ ಬರುತ್ತಿದ್ದರು. ಶುಕ್ರವಾರ ಬಿರಿಯಾನಿ ಜಾಸ್ತಿ ತಿಂದದ್ದಕ್ಕೆ ಎಂದು ನಾವು ತಮಾಷೆ ಮಾಡುತ್ತಿದ್ದೆವು.

ಇದಕ್ಕೆ ಉಸಿರಾಟದ ವ್ಯಾಯಾಮ ಮಾತ್ರ ಸಾಲದು. ಮೊದಲು ಧೂಳು ನಿಲ್ಲಬೇಕು. ಮೂಗಿಗೆ ಟವೆಲ್ ಕಟ್ಟಿಕೊಂಡರೆ ಸಣ್ಣ ಧೂಳು ನಿಲ್ಲುವುದಿಲ್ಲ, ಸರಿಯಾಗಿ ಕೂರುವ ಎನ್95 ಮಾಸ್ಕ್ ಬೇಕು. ಒಣಪೊರಕೆಯ ಬದಲು ಒದ್ದೆ ಬಟ್ಟೆಯಿಂದ ನೆಲ ಒರೆಸಬೇಕು. ಗಾಳಿ ಹೊರಗೆಳೆಯುವ ಫ್ಯಾನ್ ಬೇಕು. ವೈದ್ಯರು ಇನ್ಹೇಲರ್ ಬರೆದುಕೊಟ್ಟಾಗ ಅಬ್ಬಾ, "ಒಮ್ಮೆ ಶುರು ಮಾಡಿದರೆ ಚಟವಾಗುತ್ತದಂತಲ್ಲ" ಎಂದರು. ಅದು ಚಟವಲ್ಲ, ಔಷಧಿ ನೇರವಾಗಿ ನಾಳಕ್ಕೆ ಸೇರುವುದರಿಂದ ಸ್ವಲ್ಪವೇ ಸಾಕಾಗುತ್ತದೆ ಎಂದು ವೈದ್ಯರು ಬಿಡಿಸಿ ಹೇಳಿದರು.

ಅಳತೆಯೇ ಎಲ್ಲವೂ ಅಲ್ಲ

ನಮ್ಮ ಮೊಹಲ್ಲಾದ ಮಸೀದಿಯ ಮುಅಝ್ಝಿನ್ ಸಾಹೇಬರು ತೆಳ್ಳಗಿನ ಮನುಷ್ಯ, ವಯಸ್ಸು ಅರವತ್ತು ದಾಟಿದೆ. ಭಾಯಿಜಾನ್ ಒಂದು ದಿನ ಟೇಪು ತೆಗೆದುಕೊಂಡು ಹೋಗಿ ಅವರನ್ನೂ ಅಳೆದು ಬಂದರು. ಬಂದದ್ದು 4 ಮಾತ್ರ. ಆದರೆ ಅಝಾನಿನ ಉದ್ದನೆಯ ಸಾಲನ್ನು ಅವರು ಒಂದೇ ಉಸಿರಿನಲ್ಲಿ ಎಳೆಯುವಷ್ಟು ಹೊತ್ತು ಭಾಯಿಜಾನ್‌ಗೆ ಎಳೆಯಲಾಗಲಿಲ್ಲ. "ಉಸಿರು ತುಂಬಿಕೊಳ್ಳೋದು ಯಾರಿಗಾದರೂ ಬರುತ್ತೆ ಮಗಾ, ಖರ್ಚು ಮಾಡೋದು ಕಲೀಬೇಕು" ಎಂದರಂತೆ. ನಮ್ಮ ಕಾಲೇಜಿನ ಕಿರಾಅತ್ ಸ್ಪರ್ಧೆಯಲ್ಲಿ ಗೆದ್ದವರನ್ನು ಕೇಳಿ, ಅವರೂ ಇದನ್ನೇ ಹೇಳುತ್ತಾರೆ.

ಇನ್ನೊಂದು ಮಾತು. ವ್ಯಾಯಾಮದಿಂದ ಶ್ವಾಸಕೋಶವೇ ದೊಡ್ಡದಾಗುತ್ತದೆ ಎಂಬ ಜಾಹೀರಾತುಗಳನ್ನು ನಂಬಬೇಡಿ. ಅದರ ಗಾತ್ರ ಹೆಚ್ಚಾಗಿ ನಮ್ಮ ಎತ್ತರ, ವಯಸ್ಸು, ಗಂಡೋ ಹೆಣ್ಣೋ ಎಂಬುದನ್ನು ಅವಲಂಬಿಸಿದೆ. ವ್ಯಾಯಾಮದಿಂದ ಬದಲಾಗುವುದು ಪಕ್ಕೆಲುಬುಗಳ ಸಡಿಲತೆ, ಸ್ನಾಯುಗಳ ಬಲ ಮತ್ತು ಉಸಿರಾಡುವ ರೀತಿ. ಆದರೆ ಇಪ್ಪತ್ತರ ಆಸುಪಾಸಿನವರೆಗೆ ಶ್ವಾಸಕೋಶ ಬೆಳೆಯುತ್ತಲೇ ಇರುತ್ತದೆ. ನಮ್ಮ ವಯಸ್ಸಿನಲ್ಲಿ ಸಿಗರೇಟು, ಬೀಡಿ ಸೇದುವವರು ಬೆಳೆಯುತ್ತಿರುವುದನ್ನೇ ಕುಂಠಿಸುತ್ತಾರೆ.

ದಿನಕ್ಕೆ ಹದಿನೈದು ನಿಮಿಷ

ನಮ್ಮ ಮನೆಯಲ್ಲಿ ಫಜರ್ ನಮಾಝಿನ ನಂತರ ಮಾಡುವ ಅಭ್ಯಾಸಗಳು ಇವು. ಹೊಟ್ಟೆ ತುಂಬಿದ್ದಾಗ ಮಾಡಬೇಡಿ.

1. ಹೊಟ್ಟೆಯ ಉಸಿರು: ಮಂಡಿ ಮಡಚಿ ಅಂಗಾತ ಮಲಗಿ. ಒಂದು ಕೈ ಎದೆಯ ಮೇಲೆ, ಒಂದು ಕೈ ಹೊಟ್ಟೆಯ ಮೇಲೆ. ಮೂಗಿನಿಂದ ನಿಧಾನವಾಗಿ ಎಳೆದುಕೊಳ್ಳಿ. ಹೊಟ್ಟೆಯ ಮೇಲಿನ ಕೈ ಮಾತ್ರ ಏಳಬೇಕು. ಬಾಯಿಂದ ಅದರ ದುಪ್ಪಟ್ಟು ಹೊತ್ತು ಬಿಡಿ. ಹತ್ತು ಸಲ.

2. ದುಪಟ್ಟಾ ಉಸಿರು: ದುಪಟ್ಟಾ ಅಥವಾ ಟವೆಲನ್ನು ಪಕ್ಕೆಯ ಕೆಳಭಾಗಕ್ಕೆ ಸುತ್ತಿ ಎರಡು ತುದಿಗಳನ್ನು ಮುಂದೆ ಹಿಡಿಯಿರಿ. ಉಸಿರೆಳೆಯುವಾಗ ಬಟ್ಟೆಯನ್ನು ಪಕ್ಕಕ್ಕೆ ತಳ್ಳಲು ಪ್ರಯತ್ನಿಸಿ, ಬಿಡುವಾಗ ಮೆಲ್ಲಗೆ ಬಿಗಿ ಮಾಡಿ. ಬಕೆಟ್ಟಿನ ಹಿಡಿಗೆ ಇದು ಒಳ್ಳೆಯ ಅಭ್ಯಾಸ. ಹತ್ತು ಸಲ.

3. ಬೆನ್ನು ಬಿಡಿಸುವುದು: ಟವೆಲನ್ನು ಸುರುಳಿ ಸುತ್ತಿ ಹೆಗಲಮೂಳೆಗಳ ಕೆಳಗೆ ಅಡ್ಡವಾಗಿಟ್ಟು ಮಲಗಿ, ಕೈಗಳನ್ನು ತಲೆಯ ಮೇಲಕ್ಕೆ ಚಾಚಿ ಒಂದೆರಡು ನಿಮಿಷ ಇರಿ. ಮೊಬೈಲಿನ ಮೇಲೋ ಪುಸ್ತಕದ ಮೇಲೋ ಬಾಗಿ ಕುಳಿತು ಮುಚ್ಚಿಹೋದ ಎದೆ ತೆರೆಯುತ್ತದೆ.

4. ತುಟಿ ಕೂಡಿಸಿದ ಉಸಿರು: ಮೂಗಿನಿಂದ ಎಳೆದುಕೊಂಡು, ಬಿಸಿ ಚಹಾ ಆರಿಸುವಂತೆ ತುಟಿ ಕೂಡಿಸಿ ಉದ್ದಕ್ಕೆ ಬಿಡಿ. ಏದುಸಿರು ಬಂದಾಗ ಇದು ಕೈಹಿಡಿಯುತ್ತದೆ. ಅಬ್ಬಾ ಈಗ ಮೆಟ್ಟಿಲ ಮೇಲೆ ಮಾಡುವುದು ಇದನ್ನೇ.

5. ಓಟ, ಚುರುಕು ನಡಿಗೆ, ಈಜು ಅಥವಾ ಸೈಕಲ್: ವಾರಕ್ಕೆ ನಾಲ್ಕೈದು ದಿನ. ಮೇಲಿನ ನಾಲ್ಕೂ ಇದಕ್ಕೆ ಬದಲಿಯಲ್ಲ.

ತಲೆ ಸುತ್ತಿದರೆ, ಬೆರಳು ಜುಮ್ಮೆಂದರೆ ನಿಲ್ಲಿಸಿ. ಅಗತ್ಯಕ್ಕಿಂತ ವೇಗವಾಗಿ ಉಸಿರಾಡಿದ್ದರಿಂದ ಇಂಗಾಲದ ಡೈಆಕ್ಸೈಡ್ ತೀರಾ ಕಡಿಮೆಯಾದಾಗ ಹಾಗಾಗುತ್ತದೆ. ಬಾವಿ, ಕಾಲುವೆ, ಕೆರೆಯಲ್ಲಿ ಮುಳುಗುವ ಮೊದಲು ಗೆಳೆಯರ ಜೊತೆ ಪಂತ ಕಟ್ಟಿ ಜೋರುಜೋರಾಗಿ ಉಸಿರಾಡುವುದಂತೂ ಬೇಡವೇ ಬೇಡ. ಉಸಿರು ಬೇಕೆಂಬ ಎಚ್ಚರಿಕೆ ಬರುವ ಮೊದಲೇ ನೀರಿನೊಳಗೆ ಪ್ರಜ್ಞೆ ತಪ್ಪಬಹುದು. ಅಸ್ತಮಾ ಇರುವವರು, ಆಪರೇಷನ್ ಆದವರು ವೈದ್ಯರನ್ನು ಕೇಳಿಯೇ ಶುರು ಮಾಡಿ. ಎರಡು ಮೂರು ವಾರ ನಿಲ್ಲದ ಕೆಮ್ಮು, ಕಫದಲ್ಲಿ ರಕ್ತ, ಎದೆನೋವು, ಮಲಗಿದರೆ ಉಸಿರು ಕಟ್ಟುವುದು ಇವುಗಳಿಗೆ ಮನೆಮದ್ದು ಮಾಡುತ್ತಾ ಕೂರಬೇಡಿ.

ಎರಡು ತಿಂಗಳ ನಂತರ

ಭಾಯಿಜಾನ್ ಅವರ ಅಳತೆ ಈಗ 83ರಿಂದ 89. ವ್ಯತ್ಯಾಸ 6. ಇದರಲ್ಲಿ ಒಂದು ಸೆಂ.ಮೀ. ಹೆಚ್ಚು ತುಂಬಿಕೊಂಡದ್ದರಿಂದ ಬಂತು, ಇನ್ನೊಂದು ಪೂರ್ತಿ ಬಿಟ್ಟದ್ದರಿಂದ. ಮುಂದಿನ ಅಧಿಸೂಚನೆಗೆ ಕಾಯುತ್ತಿದ್ದಾರೆ. ನಮ್ಮ ಕಾಲೇಜಿನ ಹುಡುಗರಲ್ಲಿ ಪೊಲೀಸ್‌ಗೋ ಸೈನ್ಯಕ್ಕೋ ಹೋಗಬೇಕೆನ್ನುವವರು ಪರೀಕ್ಷೆಯ ಹಿಂದಿನ ವಾರ ಅಲ್ಲ, ಇಂದೇ ಒಂದು ಟೇಪು ಹುಡುಕಿ. ಅಧಿಸೂಚನೆ ಬಂದಾಗ ಅದರಲ್ಲಿರುವ ಅಳತೆಗಳನ್ನು ನೀವೇ ಓದಿ ನೋಡಿ.

ಎದೆಯ ಅಳತೆ ಕೇಳುವುದು ಹುಡುಗರನ್ನು ಮಾತ್ರ, ನನಗೇಕೆ ಎಂದು ಹುಡುಗಿಯರು ಅಂದುಕೊಳ್ಳಬೇಡಿ. ನಾನೂ ಹಾಗೇ ಅಂದುಕೊಂಡಿದ್ದೆ. ಒಗ್ಗರಣೆಯ ಹೊಗೆ, ಸೌದೆ ಒಲೆಯ ಹೊಗೆ, ಅಗರಬತ್ತಿ ಹೊಸೆಯುವಾಗಿನ ಪುಡಿ ಹೆಚ್ಚಾಗಿ ಹೋಗುವುದು ನಮ್ಮ, ನಮ್ಮ ಅಮ್ಮಂದಿರ ಎದೆಯೊಳಕ್ಕೇ.

ಅಬ್ಬಾ ಅವರ ಅಳತೆ ಎರಡರಿಂದ ಎರಡೂವರೆಗೆ ಬಂದಿದೆ, ಅಷ್ಟೇ. ಹಿಂದಿನ ಇಪ್ಪತ್ತೈದು ವರ್ಷ ಎರಡು ತಿಂಗಳಲ್ಲಿ ಅಳಿಸುವುದಿಲ್ಲ ಎಂದು ವೈದ್ಯರು ಮೊದಲೇ ಹೇಳಿದ್ದರು. ಆದರೆ ಅಂಗಡಿಗೆ ಕಂತಿನಲ್ಲಿ ಫ್ಯಾನ್ ಬಂದಿದೆ, ಮಾಸ್ಕ್ ಮುಖದ ಮೇಲಿದೆ. ಕಳೆದ ಶನಿವಾರ ಅವರು ಮೆಟ್ಟಿಲ ಮೇಲೆ ಕೂರದೆ ಮೇಲೆ ಬಂದರು. ನಾವು ಯಾರೂ ಏನೂ ಹೇಳಲಿಲ್ಲ. ಅಮ್ಮಿ ಹೊಲಿಗೆ ಮೆಷಿನ್ ನಿಲ್ಲಿಸಿ ಒಂದು ದೀರ್ಘ ಉಸಿರು ಬಿಟ್ಟರು.

ನಿಮ್ಮ ಮನೆಯಲ್ಲೂ ಧೂಳಿನಲ್ಲಿ ದುಡಿಯುವವರು ಇರಬಹುದು. ಮರ ಕೊಯ್ಯುವವರು, ಬೀಡಿ ಕಟ್ಟುವವರು, ಕಲ್ಲು ಒಡೆಯುವವರು, ಪೇಂಟ್ ಹೊಡೆಯುವವರು. ಅವರು ತಾವಾಗಿ ಹೇಳುವುದಿಲ್ಲ. ಇಂದು ರಾತ್ರಿ ಊಟಕ್ಕೆ ಮೊದಲು ಟೇಪು ತೆಗೆದುಕೊಂಡು ಅವರನ್ನು ಎಬ್ಬಿಸಿ ನಿಲ್ಲಿಸಿ. ಎರಡು ನಿಮಿಷದ ಕೆಲಸ.